ಹಗುರ ಬಾಣವೋ, ಭಾರದ ಬಾಣವೋ? ಬೇಟೆ ಬಿಲ್ಲಿನ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಟಿ.ಬಿ. ಡ್ಯಾಂನಿಂದ ಓದುಗರೊಬ್ಬರು ನಮಗೆ ಎರಡು ಫಾರ್ವರ್ಡ್ ಕಳಿಸಿ, "ಇದರಾಗ ಯಾವುದು ಖರೆ ಹೇಳ್ರೀ" ಎಂದು ಕೇಳಿದ್ದರು. ಮೊದಲನೆಯದು ಒಂದು ಸಣ್ಣ ವಿಡಿಯೊ. ಯಾವುದೋ ವಿದೇಶದ ಕಾಡಿನಲ್ಲಿ ಒಬ್ಬ ಮರದ ಬಿಲ್ಲು ಹಿಡಿದು ಜಿಂಕೆಗೆ ಗುರಿಯಿಡುತ್ತಾನೆ. ಅದರ ಮೇಲೆ ಯಾರೋ ಕನ್ನಡದಲ್ಲಿ ಬರೆದಿದ್ದಾರೆ: ಬಾಣ ಹಗುರ ಆದಷ್ಟೂ ವೇಗ ಜಾಸ್ತಿ, ವೇಗ ಜಾಸ್ತಿ ಆದಷ್ಟೂ ಏಟು ಜಾಸ್ತಿ. ಎರಡನೆಯದು ಹಂಪಿಯ ಶಿಲ್ಪವೊಂದರ ಫೋಟೊ. ವಿಜಯನಗರದ ಬೇಟೆಗಾರರ ಒಂದೊಂದು ಬಾಣ ಅರ್ಧ ಕೆ.ಜಿ. ತೂಗುತ್ತಿತ್ತು, ಅದಕ್ಕೇ ಒಂದೇ ಬಾಣಕ್ಕೆ ಹುಲಿ ಉರುಳುತ್ತಿತ್ತು ಎಂಬುದು ಅದರ ಒಕ್ಕಣೆ. ಒಂದು ಹಗುರ ಬಾಣವನ್ನು ಹೊಗಳುತ್ತದೆ, ಇನ್ನೊಂದು ಭಾರದ ಬಾಣವನ್ನು. ಆದರೆ ಎರಡರ ಕೊನೆಯಲ್ಲೂ ಒಂದೇ ಸಾಲು: ಕಾನೂನು ಇರೋದು ಬಂದೂಕಿಗೆ ಮಾತ್ರ, ಬಿಲ್ಲು ನಮ್ಮ ಸಂಪ್ರದಾಯ, ಕೇಸ್ ಆಗಲ್ಲ.

ಬರೀ ಕುತೂಹಲಕ್ಕೆ ಕೇಳಿದ್ದರೆ ನಾವು ಎರಡು ಸಾಲಿನ ಉತ್ತರ ಬರೆದು ಸುಮ್ಮನಾಗುತ್ತಿದ್ದೆವೇನೋ. ಆದರೆ ಅವರ ಅಕ್ಕನ ಮಗ, ಪಿಯುಸಿ ಓದುವ ಹುಡುಗ, ಆನ್‌ಲೈನ್‌ನಲ್ಲಿ 45 ಪೌಂಡಿನ ಬಿಲ್ಲು ತರಿಸಿಕೊಂಡಿದ್ದಾನೆ. ಬಾಣಗಳನ್ನು ಬಿದಿರಿನಲ್ಲಿ ತಾನೇ ಮಾಡಿಕೊಳ್ಳುತ್ತಿದ್ದಾನೆ. ಗೆಳೆಯರ ಜೊತೆ ಹೊಲದ ಕಡೆ ಹಂದಿ ಹೊಡೆಯಲು ಹೋಗುವ ಮಾತು ಮನೆಯಲ್ಲಿ ಕಿವಿಗೆ ಬಿದ್ದಿದೆ. ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಮೊದಲು ಬಾಣದ ತೂಕ, ಆಮೇಲೆ ಆ ಕೊನೆಯ ಸಾಲು.

ತೊಲದ ಲೆಕ್ಕದಲ್ಲಿ ಬಾಣ

ಬಿಲ್ಲುಗಾರಿಕೆಯ ಜಗತ್ತಿನಲ್ಲಿ ಬಾಣವನ್ನು ಇವತ್ತಿಗೂ ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ತೂಗುತ್ತಾರೆ. ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ಅಳತೆ ಒಂದಿದೆ, ತೊಲ. ಬ್ರಿಟಿಷರ ಕಾಲದಲ್ಲಿ ಒಂದು ತೊಲ ಎಂದರೆ 180 ಗ್ರೇನ್ ಎಂದು ನಿಗದಿಯಾಗಿತ್ತು, ಅಂದರೆ 11.66 ಗ್ರಾಂ. ಆ ಕಾಲದ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಅಜ್ಜಿಯ ಪೆಟ್ಟಿಗೆಯಲ್ಲಿ ಅಂಥದ್ದೊಂದು ನಾಣ್ಯ ಉಳಿದಿದ್ದರೆ ಅದನ್ನು ಅಂಗೈ ಮೇಲೆ ಇಟ್ಟು ನೋಡಿ. ಅಂಥ ಎರಡೂವರೆ ನಾಣ್ಯ ಸೇರಿದರೆ ಒಂದು ಸಾಧಾರಣ ಬಾಣದ ತೂಕ.

ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಎಂಬುದು ಬಿಲ್ಲಿನ ತೂಕವಲ್ಲ, ಅದನ್ನು ಎಳೆದು ಹಿಡಿಯಲು ಬೇಕಾದ ಬಲ. ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಬಲವನ್ನು ಬರೆದಿರುತ್ತಾರೆ. ಗಿಡ್ಡ ತೋಳಿನವರು 26 ಇಂಚೇ ಎಳೆದರೆ 45 ಪೌಂಡಿನ ಬಿಲ್ಲು ಅವರ ಕೈಯಲ್ಲಿ ಸುಮಾರು 40 ಪೌಂಡಿನದಾಗುತ್ತದೆ. ಸಾಂಪ್ರದಾಯಿಕ ಬಿಲ್ಲುಗಳಿಗೆ ಬಾಣ ಆರಿಸುವಾಗ ಬಹುತೇಕರು ಹೇಳುವ ಅಂದಾಜು ಇದು: ಎಳೆತದ ಪ್ರತಿ ಪೌಂಡಿಗೆ 8ರಿಂದ 10 ಗ್ರೇನ್. 45 ಪೌಂಡಿನ ಬಿಲ್ಲಿಗೆ 360ರಿಂದ 450 ಗ್ರೇನ್, ಅಂದರೆ ಎರಡರಿಂದ ಎರಡೂವರೆ ತೊಲ, ಗ್ರಾಂನಲ್ಲಿ 23ರಿಂದ 29.

ಈ ಅಂದಾಜು ಬಂದದ್ದು ಯಾವ ಪ್ರಾಣಿಗೆ ಎಷ್ಟು ಏಟು ಬೇಕು ಎಂಬ ಲೆಕ್ಕದಿಂದಲ್ಲ. ಎಷ್ಟು ಹಗುರ ಬಾಣವನ್ನು ಬಿಲ್ಲು ತಾಳಿಕೊಳ್ಳುತ್ತದೆ ಎಂಬ ಲೆಕ್ಕದಿಂದ. ಫಾರ್ವರ್ಡ್ ಬರೆದವರಿಗೆ ತಪ್ಪಿಹೋದದ್ದು ಇದೇ.

ಖಾಲಿ ಕೊಡ ಎತ್ತಿದ ಹಾಗೆ

ನಲ್ಲಿ ಕಟ್ಟೆಯ ಮೇಲೆ ಕೊಡ ತುಂಬಿದೆ ಎಂದುಕೊಂಡು ಜೋರಾಗಿ ಎತ್ತುತ್ತೀರಿ. ಅದು ಖಾಲಿ ಇದ್ದರೆ ಏನಾಗುತ್ತದೆ? ಕೊಡ ಎಗರುತ್ತದೆ, ಜೊತೆಗೆ ನಿಮ್ಮ ಭುಜವೂ ಜಗ್ಗುತ್ತದೆ. ತುಂಬಿದ ಕೊಡಕ್ಕೆಂದು ಹಾಕಿದ ಬಲವನ್ನು ಖಾಲಿ ಕೊಡ ಪೂರ್ತಿ ತೆಗೆದುಕೊಳ್ಳಲಾರದು. ಉಳಿದದ್ದು ನಿಮ್ಮ ಮೈಗೇ ವಾಪಸ್.

ಬಿಲ್ಲಿನ ಕಥೆಯೂ ಇದೇ. ಹೆದೆ ಎಳೆದಾಗ ನಿಮ್ಮ ತೋಳಿನ ಶ್ರಮ ಬಾಗಿದ ಬಿಲ್ಲಿನೊಳಗೆ ಕೂತಿರುತ್ತದೆ. ಬಿಟ್ಟ ತಕ್ಷಣ ಅದು ಬಾಣಕ್ಕೆ ಮಾತ್ರ ಹೋಗುವುದಿಲ್ಲ. ಬಿಲ್ಲಿನ ಮೇಲಿನ, ಕೆಳಗಿನ ಬಾಗುವ ಭಾಗಗಳೂ ಹೆದೆಯೂ ಮುಂದಕ್ಕೆ ಓಡಬೇಕಲ್ಲ, ಅವಕ್ಕೂ ಪಾಲು ಬೇಕು. ಪಾಲ್ ಕ್ಲಾಪ್‌ಸ್ಟೆಗ್ ಎಂಬ ಅಮೆರಿಕದ ಭೌತವಿಜ್ಞಾನಿ ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನು ಸುಲಭದ ಲೆಕ್ಕಕ್ಕೆ ತಂದರು. ಬಿಲ್ಲು ತಿನ್ನುವ ಪಾಲನ್ನು, ಬಾಣದ ಬೆನ್ನಿಗೆ ಕಟ್ಟಿದ ಒಂದು ಅದೃಶ್ಯ ತೂಕ ಎಂದು ಭಾವಿಸಿಕೊಳ್ಳಿ ಎಂದರು. ಬಾಣ ಯಾವುದೇ ಇರಲಿ, ಆಯಾ ಬಿಲ್ಲಿನ ಈ ಅದೃಶ್ಯ ತೂಕ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ. 45 ಪೌಂಡಿನ ಆಸುಪಾಸಿನ ಬಿಲ್ಲಿನಲ್ಲಿ 60 ಜೂಲ್ ಶಕ್ತಿ ಕೂತಿದೆ, ಅದರ ಅದೃಶ್ಯ ತೂಕ 15 ಗ್ರಾಂ ಎಂದಿಟ್ಟುಕೊಳ್ಳಿ. 20 ಗ್ರಾಂ ಬಾಣ ಸೆಕೆಂಡಿಗೆ ಸುಮಾರು 59 ಮೀಟರ್ ವೇಗದಲ್ಲಿ ಹೊರಡುತ್ತದೆ. 30 ಗ್ರಾಂನದು 52 ಮೀಟರ್, 40 ಗ್ರಾಂನದು 47 ಮೀಟರ್. ಇಲ್ಲಿಯವರೆಗೆ ಫಾರ್ವರ್ಡ್ ಹೇಳಿದ್ದು ಸರಿ, ಹಗುರ ಬಾಣಕ್ಕೆ ವೇಗ ಜಾಸ್ತಿ. ಆದರೆ ಬಾಣ ಹೊತ್ತೊಯ್ದ ಶಕ್ತಿ ನೋಡಿ. 20 ಗ್ರಾಂನದಕ್ಕೆ 34 ಜೂಲ್, 30 ಗ್ರಾಂನದಕ್ಕೆ 40, 40 ಗ್ರಾಂನದಕ್ಕೆ ಸುಮಾರು 44. ತೂಕ ಇಮ್ಮಡಿಯಾದರೂ ವೇಗ ಇಳಿದದ್ದು ಐದರಲ್ಲಿ ಒಂದು ಪಾಲು ಮಾತ್ರ. ಬಾಣ ಒಯ್ದ ಶಕ್ತಿ ಮಾತ್ರ ಏರಿದೆ.

60ರಲ್ಲಿ 34 ಹೋದರೆ ಉಳಿದ 26 ಜೂಲ್ ಎಲ್ಲಿ? ಬಿಲ್ಲಿನಲ್ಲೇ. ಅದು ನಡುಕವಾಗಿ, ಸದ್ದಾಗಿ, ಕೈಗೆ ಬಡಿಯುವ ಝಾಡಿಯಾಗಿ ಹೊರಬರುತ್ತದೆ. ಬಾಣವನ್ನು ಹಗುರ ಮಾಡುತ್ತಾ ಹೋದಂತೆ ಈ ಪಾಲು ಬೆಳೆಯುತ್ತದೆ. ಬಾಣವೇ ಇಲ್ಲದೆ ಹೆದೆ ಎಳೆದು ಬಿಟ್ಟರೆ ಅಷ್ಟೂ 60 ಜೂಲ್ ಬಿಲ್ಲಿನ ಮೇಲೇ. ಹಾಗಾಗಿಯೇ ಬಿಲ್ಲು ಕಲಿಸುವ ಯಾರೇ ಆಗಲಿ ಮೊದಲ ದಿನವೇ ಖಾಲಿ ಹೆದೆ ಬಿಡಬೇಡ ಎನ್ನುತ್ತಾರೆ. ಮರದ, ಬಿದಿರಿನ ಬಿಲ್ಲು ಹೀಗೆ ಸೀಳಬಹುದು, ಹೆದೆ ಹರಿಯಬಹುದು. ಸೀಳಿದ ತುಂಡು ಹಾರುವುದು ಬಿಲ್ಲು ಹಿಡಿದವರ ಮುಖದ ಹತ್ತಿರದಲ್ಲಿ. ಅತಿ ಹಗುರ ಬಾಣ ಎಂದರೆ ಇದೇ ಅಪಾಯವನ್ನು ದಿನಕ್ಕೆ ಐವತ್ತು ಸಲ ಸ್ವಲ್ಪ ಸ್ವಲ್ಪವೇ ತೆಗೆದುಕೊಂಡಂತೆ.

ಕ್ರಿಕೆಟ್ ಚೆಂಡು ಯಾಕೆ ನೆಡುವುದಿಲ್ಲ?

ಶಕ್ತಿ ಜಾಸ್ತಿ ಆದರೆ ಏಟು ಜಾಸ್ತಿ ತಾನೇ ಎಂದು ಕೇಳಬಹುದು. ಅಲ್ಲೂ ಒಂದು ತೊಡಕಿದೆ. ಗಂಟೆಗೆ 140 ಕಿ.ಮೀ. ವೇಗದಲ್ಲಿ ಬರುವ ಕ್ರಿಕೆಟ್ ಚೆಂಡಿನಲ್ಲಿ ಸುಮಾರು 120 ಜೂಲ್ ಶಕ್ತಿ ಇರುತ್ತದೆ, ನಮ್ಮ ಲೆಕ್ಕದ ಬಾಣದ ಮೂರು ಪಟ್ಟು. ಅದು ಬಡಿದರೆ ಮೂಳೆ ಮುರಿಯಬಹುದು, ಆದರೆ ಮೈಯೊಳಗೆ ನೆಡುವುದಿಲ್ಲ. ಬಾಣ ನೆಡುತ್ತದೆ. ವ್ಯತ್ಯಾಸ ಇರುವುದು ಮೊನೆಯಲ್ಲಿ. ಅಷ್ಟೂ ಶಕ್ತಿಯನ್ನು ಅದು ಒಂದು ಸಣ್ಣ ಅಂಚಿನ ಮೇಲೆ ಒತ್ತುತ್ತದೆ. ದೊಡ್ಡ ರೈಫಲ್‌ನ ಗುಂಡು 3,000 ಜೂಲ್ ದಾಟುತ್ತದೆ, ಅದರ ಆಘಾತವೇ ಬೇರೆ. ಅದರ ಮುಂದೆ ಬಾಣದ್ದು ಏನೂ ಅಲ್ಲ. ಬಾಣ ಕೊಲ್ಲುವುದು ಆಘಾತದಿಂದಲ್ಲ, ಒಳಗೆ ಕೊಯ್ದು ರಕ್ತ ಹರಿಸಿ.

ಒಳಗೆ ಎಷ್ಟು ದೂರ ಹೋಗುತ್ತದೆ ಎಂಬುದರಲ್ಲಿ ತೂಕದ ಕೆಲಸ ಇದೆ. ತೂಕ ಮತ್ತು ವೇಗವನ್ನು ಗುಣಿಸಿದರೆ ಸಿಗುವುದನ್ನು ಶಾಲೆಯಲ್ಲಿ ಸಂವೇಗ ಎಂದು ಓದಿರುತ್ತೀರಿ. 20 ಗ್ರಾಂ ಬಾಣದ್ದು 1.17, 40 ಗ್ರಾಂನದ್ದು 1.87. ಅಂದರೆ ಅಡ್ಡ ಬಂದದ್ದಕ್ಕೆಲ್ಲ ಭಾರದ ಬಾಣ ಬೇಗ ಸೋಲುವುದಿಲ್ಲ. ಗಾಳಿಯಲ್ಲೂ ಅಷ್ಟೇ. ಕಣದಲ್ಲಿ ಜೋಳದ ರಾಶಿ ತೂರುವುದನ್ನು ನೋಡಿದವರಿಗೆ ಇದು ಗೊತ್ತು. ಕಾಳು ನೆಟ್ಟಗೆ ಕಾಲ ಬಳಿ ಬೀಳುತ್ತದೆ, ಹೊಟ್ಟು ಗಾಳಿ ಬಂದ ಕಡೆ ಹೋಗುತ್ತದೆ.

ಹಾಗಾದರೆ ಭಾರವೇ ಗೆದ್ದಿತೇ? ಬೇಟೆಗೆ ಅನುಮತಿ ಇರುವ ದೇಶಗಳಲ್ಲಿ ಈ ವಾದ ದಶಕಗಳಿಂದ ನಡೆಯುತ್ತಿದೆ. ಎಡ್ ಆಶ್ಬಿ ಎಂಬುವರು 1980ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುಮಾಡಿದ ಪರೀಕ್ಷೆಗಳ ಮೇಲೆ, ದೊಡ್ಡ ಮೂಳೆಯನ್ನು ಒಡೆದು ಹೋಗಬೇಕಾದರೆ 650 ಗ್ರೇನ್ ಮೇಲ್ಪಟ್ಟ ಬಾಣ ಬೇಕು ಎಂದು ವಾದಿಸಿದರು. ಅದು ಮೂರೂವರೆ ತೊಲಕ್ಕಿಂತ ಜಾಸ್ತಿ. ಇದನ್ನೇ ವೇದವಾಕ್ಯ ಮಾಡಿಕೊಂಡವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಒಪ್ಪದವರ ವಾದ ತೆಗೆದುಹಾಕುವಂಥದ್ದಲ್ಲ. ಭಾರದ ಬಾಣ ಬೇಗ ಕೆಳಗಿಳಿಯುತ್ತದೆ. ನಮ್ಮ ಲೆಕ್ಕದ ಬಿಲ್ಲಿನಲ್ಲಿ 20 ಮೀಟರ್ ದೂರಕ್ಕೆ 20 ಗ್ರಾಂ ಬಾಣ 57 ಸೆಂ.ಮೀ. ಇಳಿದರೆ, 40 ಗ್ರಾಂನದು 90 ಸೆಂ.ಮೀ. ಇಳಿಯುತ್ತದೆ. ದೂರವನ್ನು ಕಣ್ಣಂದಾಜಿನಲ್ಲಿ ತಪ್ಪಿಸಿಕೊಂಡರೆ, ಅಂದರೆ 25 ಮೀಟರ್ ಇರುವುದನ್ನು 20 ಎಂದುಕೊಂಡರೆ, ಹಗುರದ್ದು ಗುರಿಗಿಂತ ಕೆಳಗೆ ಬೀಳುತ್ತದೆ, ಭಾರದ್ದು ಇನ್ನಷ್ಟು ಕೆಳಗೆ. ಅಷ್ಟು ಅಂತರದಲ್ಲಿ ಎದೆಗೆ ಬೀಳಬೇಕಾದದ್ದು ಕಾಲಿಗೆ ಬೀಳುತ್ತದೆ.

ಇನ್ನೊಂದು ಸಂಗತಿ ಸದ್ದು. ಹೆದೆಯ ಸದ್ದು 20 ಮೀಟರ್ ದೂರದ ಪ್ರಾಣಿಯ ಕಿವಿಗೆ ಸೆಕೆಂಡಿನ ಸುಮಾರು ಹದಿನೇಳನೇ ಒಂದು ಪಾಲಿನಲ್ಲಿ ಮುಟ್ಟುತ್ತದೆ. ಬಾಣ ಮುಟ್ಟಲು ಅದರ ಆರೇಳು ಪಟ್ಟು ಸಮಯ ಬೇಕು. ಅಷ್ಟರಲ್ಲಿ ಜಿಂಕೆ ಬೆಚ್ಚಿ ತಗ್ಗಿ ಓಟಕ್ಕೆ ಸಿದ್ಧವಾಗಿರುತ್ತದೆ. ಎಷ್ಟೇ ವೇಗದ ಬಾಣವೂ ಈ ಓಟದಲ್ಲಿ ಸದ್ದನ್ನು ಗೆಲ್ಲುವುದಿಲ್ಲ. ಹಗುರ ಬಾಣವಾದರೆ ಬಿಲ್ಲಿನಲ್ಲಿ ಉಳಿಯುವ ಶಕ್ತಿ ಜಾಸ್ತಿ, ಹಾಗಾಗಿ ಸದ್ದೂ ಜಾಸ್ತಿ.

ಬಾಣದ ಬಾಗುವ ಗುಣವೂ ತೂಕದ ಜೊತೆ ತಳಕು ಹಾಕಿಕೊಂಡಿದೆ. ಹೆದೆ ತಳ್ಳಿದಾಗ ಬಾಣ ನೆಟ್ಟಗೆ ಹೋಗುವುದಿಲ್ಲ. ಹಾವಿನಂತೆ ಬಳುಕಿ, ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡಂತೆ ದಾಟಿ, ಆಮೇಲೆ ಸರಿಹೋಗುತ್ತದೆ. ಮೊನೆಗೆ ತೂಕ ಹೆಚ್ಚಿಸಿದರೆ ಅದೇ ಕೋಲು ಇನ್ನಷ್ಟು ಬಳುಕುತ್ತದೆ. ಬಿಲ್ಲಿಗೆ ಹೊಂದದಷ್ಟು ಬಳುಕಿದರೆ ಬಾಣ ಓರೆಯಾಗಿ ಹಾರುತ್ತದೆ, ಓರೆಯಾಗಿ ಬಡಿದ ಬಾಣ ಎಷ್ಟೇ ಭಾರವಿದ್ದರೂ ಒಳಗೆ ಇಳಿಯುವುದಿಲ್ಲ. ಸುಮ್ಮನೆ ದೊಡ್ಡ ಕಬ್ಬಿಣದ ಮೊನೆ ಸಿಕ್ಕಿಸಿದರೆ ಆಯಿತು ಎಂಬ ವಿಡಿಯೊಗಳು ಇದನ್ನು ಹೇಳುವುದೇ ಇಲ್ಲ.

ಹಂಪಿಯ ಅರ್ಧ ಕೆ.ಜಿ. ಬಾಣ

ಈಗ ಎರಡನೇ ಫಾರ್ವರ್ಡ್. ಮೇಲಿನ ಲೆಕ್ಕದಲ್ಲೇ ಅರ್ಧ ಕೆ.ಜಿ. ಬಾಣ ಹಾಕಿ ನೋಡಿದೆವು. ಅದು ಹೊರಡುವ ವೇಗ ಸೆಕೆಂಡಿಗೆ 15 ಮೀಟರ್. ಮೇಲ್ಮುಖವಾಗಿ, ಅತಿ ದೂರ ಹೋಗುವ ಕೋನದಲ್ಲಿ ಬಿಟ್ಟರೂ 24 ಮೀಟರಿಗೆ ನೆಲ ಕಚ್ಚುತ್ತದೆ. ಕೈಯಲ್ಲಿ ಎಸೆದ ಭರ್ಜಿಯೇ ಇದಕ್ಕಿಂತ ಮೇಲು. ಬಿಲ್ಲಿನ ಶಕ್ತಿ ಇಮ್ಮಡಿಯಾದರೂ 50 ಮೀಟರ್ ಮುಟ್ಟುವುದಿಲ್ಲ. 1545ರಲ್ಲಿ ಇಂಗ್ಲೆಂಡಿನ ಮೇರಿ ರೋಸ್ ಹಡಗು ಮುಳುಗಿದಾಗ ಅದರಲ್ಲಿದ್ದ ನೂರಕ್ಕೂ ಹೆಚ್ಚು ಯುದ್ಧದ ಬಿಲ್ಲು, ಸಾವಿರಾರು ಬಾಣ ಸಮುದ್ರದಡಿ ಉಳಿದು ನಮ್ಮ ಕಾಲದಲ್ಲಿ ಮೇಲೆ ಬಂದವು. ಆ ಬಿಲ್ಲುಗಳ ಎಳೆತ 100 ಪೌಂಡ್ ದಾಟುತ್ತಿತ್ತು ಎಂಬುದು ತಜ್ಞರ ಅಂದಾಜು, ಜಗತ್ತಿನ ಅತಿ ಬಲದ ಬಿಲ್ಲುಗಳ ಸಾಲಿಗೆ ಸೇರುವಂಥವು. ಅಂಥ ಬಿಲ್ಲಿಗೆ ಇಂದು ಮಾಡುವ ಭಾರಿ ಬಾಣವೂ ನೂರು ಗ್ರಾಂ ಆಸುಪಾಸಿನಲ್ಲೇ ನಿಲ್ಲುತ್ತದೆ.

ಹಾಗಾದರೆ ಅರ್ಧ ಕೆ.ಜಿ. ಎಂಬ ಮಾತು ಹುಟ್ಟಿದ್ದು ಎಲ್ಲಿ? ನಮ್ಮ ಊಹೆ, ಶಿಲ್ಪ ನೋಡಿಯೇ. ಮಹಾನವಮಿ ದಿಬ್ಬದ ಕಲ್ಲುಗಳ ಮೇಲೆ ಬೇಟೆಯ ದೃಶ್ಯಗಳಿವೆ. ಹಜಾರರಾಮ ದೇವಸ್ಥಾನದ ಗೋಡೆಗಳಲ್ಲಿ ರಾಮಾಯಣದ ಕಥೆ ಸಾಲುಸಾಲಾಗಿ ಇದೆ, ಬಿಲ್ಲು ಹಿಡಿದ ರಾಮ ಲಕ್ಷ್ಮಣರು ಇದ್ದಾರೆ. ಕಿರುಬೆರಳಿಗಿಂತ ತೆಳುವಾದ ಜೊಂಡಿನ ಕೋಲನ್ನು ಅದರ ಅಳತೆಗೇ ಕಲ್ಲಿನಲ್ಲಿ ಕೆತ್ತಿದರೆ ದೂರದಿಂದ ಕಾಣುವುದಿಲ್ಲ, ಬೇಗ ಮುಕ್ಕಾಗುತ್ತದೆ. ಶಿಲ್ಪಿ ದಪ್ಪ ಕೆತ್ತುತ್ತಾನೆ. ಅದನ್ನು ಅಳತೆಪಟ್ಟಿಯಂತೆ ಓದಿದರೆ ಆ ಕಾಲದ ಕುದುರೆಗಳೂ ಆನೆಗಳೂ ಎಲ್ಲ ಬೇರೆಯೇ ಗಾತ್ರದವಾಗುತ್ತವೆ.

ಬರಹದ ಸಾಕ್ಷಿ ಇನ್ನೂ ಸ್ವಾರಸ್ಯ. ಸುಮಾರು 1520ರಲ್ಲಿ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹಬ್ಬದ ಸಮಯದ ಸೇನಾ ಪ್ರದರ್ಶನದಲ್ಲಿ ಬಿಲ್ಲುಗಾರರನ್ನು ಕಂಡಿದ್ದಾನೆ. ಚಿನ್ನ ಬೆಳ್ಳಿಯ ತಗಡು ಹೊದಿಸಿದ ಬಿಲ್ಲುಗಳನ್ನೂ, ಗರಿ ಕಟ್ಟಿದ ಬಾಣಗಳ ಅಚ್ಚುಕಟ್ಟನ್ನೂ ಮೆಚ್ಚಿ ಬರೆದಿದ್ದಾನೆ. ಮೈಗೆ ಮೀರಿದ ಭಾರದ ಬಾಣ ಕಣ್ಣಿಗೆ ಬಿದ್ದಿದ್ದರೆ ಇಂಥ ಮನುಷ್ಯ ಬಿಡುತ್ತಿದ್ದನೇ ಎಂದು ನಮಗೆ ಅನ್ನಿಸುತ್ತದೆ. ಅದಕ್ಕೂ ಹಿಂದೆ, 1424ರಿಂದ 1446ರವರೆಗೆ ಆಳಿದ ಎರಡನೇ ದೇವರಾಯನ ಬಗ್ಗೆ ಚರಿತ್ರೆಕಾರ ಫಿರಿಷ್ತಾ ಹೇಳುವ ಸಂಗತಿಯೊಂದಿದೆ. ಬಹಮನಿಗಳು ಗೆಲ್ಲುತ್ತಿರುವುದು ಒಳ್ಳೆಯ ಕುದುರೆ ಮತ್ತು ಒಳ್ಳೆಯ ಬಿಲ್ಲುಗಾರರಿಂದ ಎಂದು ತಿಳಿದು, ದೇವರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇವೆಗೆ ಸೇರಿಸಿಕೊಂಡ, ತನ್ನ ಸೈನಿಕರಿಗೂ ಬಿಲ್ಲುವಿದ್ಯೆ ಕಲಿಸಿದ, ಕೊನೆಗೆ 2,000 ಮುಸ್ಲಿಂ ಮತ್ತು 60,000 ಹಿಂದೂ ಬಿಲ್ಲುಗಾರರು ತಯಾರಾದರು ಎನ್ನುತ್ತಾನೆ. ಫಿರಿಷ್ತಾ ಬರೆದದ್ದು ಒಂದೂವರೆ ಶತಮಾನದ ನಂತರ, ಅಂಕಿಗಳನ್ನು ಅಷ್ಟಕ್ಕೆ ಅಷ್ಟೇ ನಂಬಬೇಕಿಲ್ಲ. ಆದರೆ ಒಂದು ತಿಳಿಯುತ್ತದೆ. ಆ ಕಾಲದ ರಾಜನಿಗೂ ಬೇಕಾದದ್ದು ಭಾರದ ಬಾಣವಲ್ಲ, ಕಲಿತ ಕೈ.

ಈ ಸೀಮೆಯ ಬೇಡ ನಾಯಕ ಸಮುದಾಯದ ಹೆಸರಿನಲ್ಲೇ ಬೇಟೆಯ ನೆನಪು ಇದೆ. ಡಾ. ರಾಜ್‌ಕುಮಾರ್ ನಾಯಕರಾದ ಮೊದಲ ಸಿನಿಮಾ, 1954ರ 'ಬೇಡರ ಕಣ್ಣಪ್ಪ', ನಮ್ಮ ಅಜ್ಜ ಅಜ್ಜಿಯರ ತಲೆಮಾರಿಗೆ ಬಿಲ್ಲು ಹಿಡಿದ ಬೇಡನ ಚಿತ್ರವನ್ನು ಕಟ್ಟಿಕೊಟ್ಟಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಫಾರ್ವರ್ಡ್ ಮಾಡುವವರು ಈ ಹೆಮ್ಮೆಯನ್ನೇ ಹಿಡಿದು ಕೊನೆಯ ಸಾಲನ್ನು ನಂಬಿಸುತ್ತಾರೆ.

ಬಿಲ್ಲಿಗೆ ಕಾನೂನು ಇಲ್ಲವೇ?

ಇದೆ, ಹೆಸರು ಹಿಡಿದೇ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಎರಡನೇ ಸೆಕ್ಷನ್‌ನಲ್ಲಿ ಆಯುಧ ಎಂದರೆ ಏನು ಎಂಬ ವ್ಯಾಖ್ಯಾನ ಇದೆ. ಆ ಪಟ್ಟಿಯಲ್ಲಿ ಬಂದೂಕಿನ ಜೊತೆ ಬಿಲ್ಲು ಬಾಣ, ಚಾಕು, ಬಲೆ, ಉರುಳು, ವಿಷ ಎಲ್ಲವೂ ಸೇರಿವೆ. ಬೇಟೆ ಎಂಬ ಪದದ ವ್ಯಾಖ್ಯಾನವೂ ಅಷ್ಟೇ ಅಗಲ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಅಟ್ಟುವುದು, ಉರುಳು ಹಾಕುವುದು, ಗಾಯ ಮಾಡುವುದು, ಇವಕ್ಕೆ ಪ್ರಯತ್ನಿಸುವುದು ಕೂಡ ಬೇಟೆಯೇ. ಬಾಣ ತಪ್ಪಿತು, ಪ್ರಾಣಿ ಓಡಿಹೋಯಿತು ಎಂದರೆ ಅಪರಾಧ ಅಳಿಸಿಹೋಗುವುದಿಲ್ಲ.

ಒಂಬತ್ತನೇ ಸೆಕ್ಷನ್ ಅನುಸೂಚಿಯಲ್ಲಿರುವ ಪ್ರಾಣಿಗಳ ಬೇಟೆಯನ್ನು ನಿಷೇಧಿಸುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಂತೆ ಕರಡಿ, ಚಿರತೆ, ನವಿಲು ಮೊದಲನೇ ಅನುಸೂಚಿಯಲ್ಲಿವೆ. ಕಾಡುಹಂದಿ ಎರಡನೆಯದರಲ್ಲಿದೆ. ಮೊಲವೂ ಅಷ್ಟೇ. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಏಳು ವರ್ಷದವರೆಗೂ ಹೋಗಬಹುದು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಬೇಟೆಯ ರೀಲ್ಸ್ ಮಾಡಿ ಹಾಕುವವರು ತಮ್ಮ ವಿರುದ್ಧದ ಸಾಕ್ಷಿಯನ್ನು ತಾವೇ, ದಿನಾಂಕ ಸಮೇತ, ತಯಾರಿಸಿ ಕೊಡುತ್ತಿದ್ದಾರೆ.

ಸಂಪ್ರದಾಯ ಎಂಬ ವಾದವೂ ನಿಲ್ಲುವುದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಮೇಲೆ ಬದುಕುವವರ ಪಾರಂಪರಿಕ ಹಕ್ಕುಗಳನ್ನು ಒಪ್ಪುತ್ತದೆ. ಆದರೆ ಅದೇ ಸಾಲಿನಲ್ಲಿ, ಪಾರಂಪರಿಕ ಬೇಟೆಯ ಹಕ್ಕನ್ನು ಬಿಟ್ಟು, ಎಂದು ಹೇಳುತ್ತದೆ. ಹಬ್ಬದ ಬೇಟೆಗೂ ವಿನಾಯಿತಿ ಇಲ್ಲ.

ಹಂದಿ ಕಾಟದ ಮಾತು ಬೇರೆ. ರಾತ್ರಿ ಬಂದು ಕಬ್ಬು, ಮೆಕ್ಕೆಜೋಳ, ಶೇಂಗಾ ಹೊಲ ಉತ್ತಿದಂತೆ ಮಾಡಿಹೋದರೆ ರೈತನಿಗೆ ಆಗುವ ಸಂಕಟ ಸುಳ್ಳಲ್ಲ. ಕಾಯ್ದೆಯ 11ನೇ ಸೆಕ್ಷನ್ ಬೆಳೆಹಾನಿಯನ್ನೂ ಗಮನಕ್ಕೆ ತೆಗೆದುಕೊಳ್ಳುತ್ತದೆ. ಆದರೆ ಅಲ್ಲಿ ತೀರ್ಮಾನ ಅಧಿಕಾರಿಯದು, ಅದೂ ಕಾರಣ ಸಮೇತ ಲಿಖಿತ ಆದೇಶದಲ್ಲಿ. ಹೊಲ ನನ್ನದು ಎಂಬುದೇ ಅನುಮತಿಯಾಗುವುದಿಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಹಾನಿಯ ಫೋಟೊ ತೆಗೆದಿಟ್ಟು ಬೇಗ ತಿಳಿಸುವುದು ಒಳ್ಳೆಯದು. ಆ ಹಣ ಕೈಗೆ ಸಿಗುವುದು ತಡವಾಗುತ್ತದೆ ಎಂದು ರೈತರು ಗೊಣಗಿದರೆ ನಾವು ವಾದಿಸುವುದಿಲ್ಲ.

ಟಿ.ಬಿ. ಡ್ಯಾಂ ಸುತ್ತಮುತ್ತಲಿನವರು ಇನ್ನೊಂದನ್ನು ನೆನಪಿಡಬೇಕು. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗೆ ತುಂಗಭದ್ರೆಯ ಸುಮಾರು 34 ಕಿ.ಮೀ. ಉದ್ದದ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಲಾಗಿದೆ. ಕಮಲಾಪುರದ ಆಚೆ 1994ರಿಂದ ದರೋಜಿ ಕರಡಿಧಾಮ ಇದೆ. ಬಂಡೆಗುಡ್ಡಗಳಲ್ಲಿ ಚಿರತೆ ಇವೆ. ಹಂದಿ ಎಂದು ಕತ್ತಲಲ್ಲಿ ಬಿಟ್ಟ ಬಾಣ ಪೊದೆಯೊಳಗಿನ ಕರಡಿಗೆ ಬಿದ್ದರೆ, ಅಪರಾಧದ ಅನುಸೂಚಿಯೇ ಬದಲಾಗುತ್ತದೆ.

ಅದಕ್ಕಿಂತ ಹತ್ತಿರದ ಅಪಾಯ ಗಾಯಗೊಂಡ ಪ್ರಾಣಿ. ಬಾಣ ಕೊಲ್ಲುವುದು ನಿಧಾನವಾಗಿ ಎಂದೆವಲ್ಲ. ಹಗುರ ಬಾಣ, ತಪ್ಪಿದ ಅಂದಾಜು, ಕಲಿಯದ ಕೈ ಸೇರಿದರೆ ಆ ಪ್ರಾಣಿ ಸಾಯುವುದಿಲ್ಲ, ಬಾಣ ಹೊತ್ತುಕೊಂಡು ಓಡುತ್ತದೆ. ಗಾಯ ಕೀವಾಗಿ ದಿನಗಟ್ಟಲೆ ನರಳುತ್ತದೆ. ಗಾಯದ ಹಂದಿಗೋ ಕರಡಿಗೋ ಮರುದಿನ ಬೆಳಿಗ್ಗೆ ಎದುರಾಗುವವರು ಬಾಣ ಬಿಟ್ಟವರಲ್ಲ, ಕುರಿ ಮೇಯಿಸುವವರು, ಕಟ್ಟಿಗೆಗೆ ಹೋದ ಹೆಂಗಸರು.

ವಿದೇಶಿ ವಿಡಿಯೊ ನಮ್ಮ ಊರಿಗೆ ಹೊಂದುವುದಿಲ್ಲ

ಆ ವಿಡಿಯೊದಲ್ಲಿ ಕಾಣುವ ಸಾಂಪ್ರದಾಯಿಕ ಬಿಲ್ಲುಬೇಟೆಯ ಈಗಿನ ರೂಪ ಅಮೆರಿಕದಲ್ಲಿ ಬೆಳೆದದ್ದು. 1911ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಊರಿನ ಅಂಚಿನಲ್ಲಿ ಇಶಿ ಎಂಬ ಮೂಲನಿವಾಸಿ ಹಸಿದು ನಿಂತಿದ್ದ. ತನ್ನ ಯಾಹಿ ಜನರಲ್ಲಿ ಉಳಿದವನು ಅವನೊಬ್ಬನೇ. ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಅವನಿಗೆ ನೆಲೆ ಸಿಕ್ಕಿತು. ಅವನಿಂದ ಬಿಲ್ಲು ಬಾಣ ಮಾಡುವುದನ್ನು ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ 1923ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. ಇಶಿ 1916ರಲ್ಲೇ ತೀರಿಕೊಂಡಿದ್ದ. ಇವತ್ತು ಅಲ್ಲಿ ಈ ಬೇಟೆಗೆ ಪರವಾನಗಿ ಇದೆ, ಗೊತ್ತಾದ ಋತು ಇದೆ, ಇಂತಿಷ್ಟೇ ಪ್ರಾಣಿ ಎಂಬ ಮಿತಿ ಇದೆ. ಎಷ್ಟು ಗ್ರೇನ್ ಬಾಣ ಎಂಬ ಅವರ ಚರ್ಚೆ ನಡೆಯುವುದು ಇಷ್ಟೆಲ್ಲ ಆದ ಮೇಲೆ. ಫಾರ್ವರ್ಡ್ ಆಗಿ ನಮ್ಮ ಫೋನಿಗೆ ಬರುವಾಗ ಗ್ರೇನ್ ಲೆಕ್ಕವೊಂದೇ ಬರುತ್ತದೆ.

ಪ್ರಾಣಿಯ ಆಕಾರದ ಗುರಿಗೆ ಕಾಡಿನ ದಾರಿಯಲ್ಲಿ ಬಾಣ ಬಿಡುವ ಆಸೆ ಇದ್ದವರಿಗೆ ಬೇಟೆಯಿಲ್ಲದ ದಾರಿ ಇದೆ. ಫೋಮ್‌ನ ಜಿಂಕೆ, ಹಂದಿಗಳನ್ನು ಗೊತ್ತುಮಾಡದ ದೂರಗಳಲ್ಲಿ ನಿಲ್ಲಿಸಿ ಆಡುವ ತ್ರೀಡಿ ಆರ್ಚರಿ ಎಂಬ ಸ್ಪರ್ಧೆ ವಿಶ್ವ ಮಟ್ಟದಲ್ಲಿ ನಡೆಯುತ್ತದೆ, ಅದರಲ್ಲಿ ಮರದ ಉದ್ದಬಿಲ್ಲಿಗೇ ಬೇರೆ ವಿಭಾಗ ಇದೆ. ಮನೆಯಲ್ಲಿ ಅಭ್ಯಾಸ ಮಾಡುವುದಾದರೂ ಗುರಿಯ ಹಿಂದೆ ಮಣ್ಣಿನ ದಿಬ್ಬ ಇರಲಿ, ಹಿಂದೆ ಯಾರೂ ಓಡಾಡದ ಜಾಗ ಇರಲಿ. ತಪ್ಪಿದ ಬಾಣ ನೂರು ಮೀಟರ್ ದಾಟಿ ಹೋಗುತ್ತದೆ.

ಓದುಗರಿಗೆ ನಾವು ಇದನ್ನೆಲ್ಲ ಫೋನಿನಲ್ಲಿ ಹೇಳಿ, ಹುಡುಗನ ಬಾಣಗಳನ್ನು ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ಎಂದೆವು. ಎರಡು ದಿನ ಬಿಟ್ಟು ಫೋಟೊ ಬಂತು. ಆರು ಬಾಣ, ಒಂದೊಂದು ಒಂದೊಂದು ತೂಕ. ಅತಿ ಹಗುರದ್ದು 16 ಗ್ರಾಂ, ಅತಿ ಭಾರದ್ದು 31. ಒಂದೇ ಗುರಿ ಹಿಡಿದು ಬಿಟ್ಟರೂ ಇವೆರಡು 20 ಮೀಟರ್ ದೂರದಲ್ಲಿ ಒಂದು ಗೇಣಿಗಿಂತ ಹೆಚ್ಚು ಮೇಲೆ ಕೆಳಗೆ ಬೀಳುತ್ತವೆ. ಹಗುರವೋ ಭಾರವೋ ಎಂದು ತಲೆ ಕೆಡಿಸಿಕೊಳ್ಳುವ ಮೊದಲು ಆರೂ ಒಂದೇ ತೂಕ ಇರಬೇಕು ಎಂಬುದು ಅವನಿಗೆ ಯಾವ ವಿಡಿಯೊವೂ ಹೇಳಿರಲಿಲ್ಲ. 16 ಗ್ರಾಂನದು ಪೌಂಡಿಗೆ ಐದೂವರೆ ಗ್ರೇನ್ ಲೆಕ್ಕಕ್ಕೆ ಬರುತ್ತದೆ, ಅವನ ಬಿಲ್ಲಿಗೆ ಬೇಕಾದ ಎರಡು ತೊಲಕ್ಕಿಂತ ಬಹಳ ಕಡಿಮೆ. ಅದನ್ನು ಬಿಟ್ಟಾಗಲೆಲ್ಲ ಕೈ ಜುಮ್ ಅನ್ನುತ್ತಿತ್ತಂತೆ. ಆ ಬಾಣವನ್ನು ಮಾವ ಮುರಿದು ಒಲೆಗೆ ಹಾಕಿದ್ದಾರೆ. ಉಳಿದವನ್ನು ಹುಡುಗ 25 ಗ್ರಾಂಗೆ ಸರಿಮಾಡಲು ಕೂತಿದ್ದಾನೆ, ಗುರಿಗೆ ಗೋಣಿಚೀಲದಲ್ಲಿ ಹುಲ್ಲು ತುಂಬಿ ಇಟ್ಟುಕೊಂಡಿದ್ದಾನೆ.